ಯಾವಾಗಿನಿಂದ

ದೊಡ್ಡಾಸ್ಪತ್ರೆಯ ಮೂಲೆಯ ಕೋಣೆಯಲ್ಲಿ
ಚೀಟಿ ತುಂಬುತ್ತಿದ್ದ ಡಾಕ್ಟರಮ್ಮ ತಲೆಯೆತ್ತದೆ ಕೇಳಿದರು:
ಯಾವಾಗಿನಿಂದ ಹೀಗೆ?

ಉತ್ತರಕ್ಕೆ ಬಿಟ್ಟಿದ್ದು
ಒಂದು ಊದಿನಕಡ್ಡಿಯಷ್ಟೂ ಉದ್ದವಿಲ್ಲದ ಗೆರೆ.
ಹದಿನೈದು ದಿನ, ಅಂದಳು ಅಮ್ಮ.
ಅವಳ ಲೆಕ್ಕ ಶುರುವಾಗುವುದು
ರಾಚು ನಡುರಾತ್ರಿ ಎದ್ದು ಮೀಟರ್ ಬೋರ್ಡಿನ
ಫ್ಯೂಸುಗಳನ್ನೆಲ್ಲ ಕಿತ್ತು
ಅಕ್ಕಿ ಡಬ್ಬದಲ್ಲಿ ಹೂತಿಟ್ಟ ದಿನದಿಂದ.

ನನ್ನ ಲೆಕ್ಕ ಬೇರೆ.
ನಾನು ಕಡ್ಡಿ ಹೊಸೆಯುವವಳು,
ಮಂಡಿ ಮೊಹಲ್ಲಾದ ನಮ್ಮ ಅರ್ಧ ಕೇರಿಯ ಹಾಗೆ.
ಸಾವಿರಕ್ಕಿಷ್ಟು ಅಂತ ಕೂಲಿ.
ನಾನು ಮರೆತರೂ ಬೆರಳು ಎಣಿಸುತ್ತಿರುತ್ತದೆ.

ಫ್ಯೂಸಿಗಿಂತ ಮುಂಚೆ ಐಟಿಐ ಬಿಟ್ಟ.
ಬಿಟ್ಟನೆಂದು ಗೊತ್ತಾಗಲಿಲ್ಲ, ಡಬ್ಬಿ ಹಿಡಿದು ದಿನಾ ಹೊರಡುತ್ತಿದ್ದ;
ದೇವರಾಜ ಮಾರ್ಕೆಟ್ಟಿನ ಬಾಳೆಲೆ ಸಾಲಿನಲ್ಲಿ
ಸಂಜೆಯ ತನಕ ನಿಂತೇ ಇರುತ್ತಿದ್ದನಂತೆ,
ಎಲೆ ಮಾರುವ ಬೋರಮ್ಮ ಆಮೇಲೆ ಹೇಳಿದ್ದು.
ಅದಕ್ಕಿಂತ ಮುಂಚೆ ಸ್ನಾನ.
ಅದಕ್ಕಿಂತ ಮುಂಚೆ ನಗು ತಪ್ಪಿತು.
ನಗುತ್ತಿರಲಿಲ್ಲ ಅಂತಲ್ಲ. ನಾವೆಲ್ಲ ನಕ್ಕು ಸುಮ್ಮನಾದ ಮೇಲೆ
ಒಬ್ಬನೇ ನಗುತ್ತಿದ್ದ, ಬೇರೆ ಯಾವುದಕ್ಕೋ.
ಅದಕ್ಕಿಂತಲೂ ಮುಂಚೆ, ಹತ್ತೊಂಬತ್ತು ತುಂಬಿದ ಬೇಸಿಗೆ,
ಫ್ಯಾನಿನ ಕೆಳಗೆ ಅಂಗಾತ ಮಲಗಿದವನು
"ಅಕ್ಕ, ಇದರ ಬೇರಿಂಗ್ ಹೋಗಿದೆ,
ನನ್ನ ಹೆಸರು ಅರ್ಧ ಹೇಳಿ ನಿಲ್ಲಿಸ್ತದೆ" ಅಂದ.
ವೈರಿಂಗ್ ಹುಡುಗನ ತಮಾಷೆ ಅಂದುಕೊಂಡೆ.
ಎಣ್ಣೆ ಬಿಡು, ಅಂದೆ.

ಇಷ್ಟೆಲ್ಲ ಆ ಗೆರೆಯ ಮೇಲೆ ಹಿಡಿಸುವುದಿಲ್ಲ.

ತಾಯತ, ಅಂತ್ರ, ನಿವಾಳಿಸಿ ತುಳಿಸಿದ ನಿಂಬೆಹಣ್ಣು,
"ಒಂದು ಮದುವೆ ಮಾಡಿ, ಎಲ್ಲ ಜಾಗಕ್ಕೆ ಬರ್ತದೆ" ಅಂದ ಸೋದರಮಾವ
ಇವೂ ಹಿಡಿಸುವುದಿಲ್ಲ.
ಕೊನೆಗೆ ಸ್ಕೂಟರಿನಲ್ಲಿ ಹುಡುಕಿಕೊಂಡು ಬಂದವರು
ಐಟಿಐನ ಲೂರ್ದುಸ್ವಾಮಿ ಮೇಷ್ಟ್ರು:
"ವೈರು ಸುಟ್ಟ ಮೇಲಲ್ಲ ತಾಯಿ,
ವಾಸನೆ ಬಂದಾಗಲೇ ಮೇನ್ ಆಫ್ ಮಾಡಬೇಕು."
ಊದಿನಕಡ್ಡಿ ಮನೆಯಲ್ಲಿ, ಮೇಷ್ಟ್ರೇ,
ಯಾರಿಗೂ ಯಾವ ವಾಸನೆಯೂ ಬರುವುದಿಲ್ಲ.

ಡಾಕ್ಟರಮ್ಮ ಕಾಯಿಲೆಯ ಹೆಸರು ಹೇಳಿದರು: ಸ್ಕಿಜೋಫ್ರೀನಿಯಾ.
ಬೇಗ ಬಂದಿದ್ದೀರಿ, ಇನ್ನೂ ಬೇಗ ಬರಬಹುದಿತ್ತು, ಅಂದರು,
ಎರಡನ್ನೂ ಒಂದೇ ದನಿಯಲ್ಲಿ.
ಅಮ್ಮ ಆ ಹೆಸರನ್ನು ಸಿಟಿ ಬಸ್ಸಿನಲ್ಲೇ ಬಿಟ್ಟು ಇಳಿದಳು.
ಕೇಳಿದವರಿಗೆಲ್ಲ "ನರದ್ದಂತೆ".

ರಾತ್ರಿಗೆ ಬಿಳಿಯದು ಒಂದು. ಕೈ ನಡುಗಿದರೆ ಸಣ್ಣದು ಅರ್ಧ.
ಮೊದಲ ವಾರ ದವಡೆ ಸೆಟೆದು ಜೊಲ್ಲು ಸುರಿಯಿತು,
ನುಂಗಿದಂತೆ ಮಾಡಿ ನಾಲಗೆಯಡಿ ಇಟ್ಟುಕೊಂಡದ್ದು
ದಿಂಬಿನ ಕವರಿನಲ್ಲಿ ಸಿಕ್ಕಿತು, ಹನ್ನೊಂದು.
ಬೈಯಬೇಡಿ, ಅಂದರು ಡಾಕ್ಟರಮ್ಮ. ಮಾತ್ರೆ ಬದಲಿಸಿದರು.
ಪ್ಯಾಂಟು ಸೊಂಟಕ್ಕೆ ಹಿಡಿಸದಾಯಿತು.
ಮೂರನೇ ತಿಂಗಳು ಒಂದು ಮಧ್ಯಾಹ್ನ
"ಸಾರಿಗೆ ಉಪ್ಪು ಕಮ್ಮಿ" ಅಂದ.
ಅಮ್ಮ ಅಡುಗೆಮನೆಗೆ ಹೋದವಳು
ಎಷ್ಟು ಹೊತ್ತಾದರೂ ಉಪ್ಪು ತರಲಿಲ್ಲ.

"ಈಗ್ಲೂ ಮಾತಾಡ್ತವೆ," ಅಂತಾನೆ.
"ಆದ್ರೆ ಪಕ್ಕದ್ಮನೆ ರೇಡಿಯೋ ಥರ. ನಾನು ಹೋಗಿ ಕೂರ್ಬೇಕಂತೇನಿಲ್ಲ."

ಒಂದನ್ನು ಮಾತ್ರ ಡಾಕ್ಟರಮ್ಮನಿಗೆ ಹೇಳಲಿಲ್ಲ.
ಫ್ಯೂಸು ಕಿತ್ತ ರಾತ್ರಿ, ಕತ್ತಲೆಯಲ್ಲಿ ನನ್ನ ಮಣಿಕಟ್ಟು ಹಿಡಿದು
"ನಿಂಗೂ ಕೇಳ್ಸ್ತದಾ?" ಅಂದಿದ್ದ.
ಅವನ ಕೈ ತಣ್ಣಗಿತ್ತು. ನಾನು
"ಹೂಂ, ಕೇಳ್ಸ್ತದೆ" ಅಂದೆ.
ಎಷ್ಟೋ ದಿನದ ಮೇಲೆ ಮಗುವಿನ ಹಾಗೆ ನಿದ್ದೆ ಹೋದ.

ನಿನ್ನೆ ಏಣಿ ಹತ್ತಿ ಫ್ಯಾನು ಬಿಚ್ಚಿದ.
ನಿಜಕ್ಕೂ ಬೇರಿಂಗ್ ಹೋಗಿತ್ತು.
ಎಣ್ಣೆ ಬಿಡುತ್ತ, ಕೆಳಗೆ ನೋಡದೆ ಕೇಳಿದ:
"ಅಕ್ಕ, ಅವತ್ತು ನಿಂಗೂ ಕೇಳ್ಸ್ತಿತ್ತಲ್ಲ,
ನಿಂಗೆ ಯಾವಾಗ್ನಿಂದ ನಿಂತೋಯ್ತು?"

ನಾನು ಏಣಿ ಹಿಡಿದಿದ್ದೆ.
ಕೈ ಬಿಡುವ ಹಾಗಿರಲಿಲ್ಲ.