ಪೆನ್ಸಿಲ್ ಹಿಡಿದು ಓದಿದ್ದು

ಪುಸ್ತಕ ಬಂತು, ಲೈಬಿಶ್. ಮಂಗಳವಾರ.
ವಿನ್ನಿಪೆಗ್‌ನಲ್ಲಿ ಮೈನಸ್ ಮೂವತ್ತು,
ಅಂಚೆಯವನ ಮೀಸೆಯಲ್ಲಿ ಹಿಮ ಗಟ್ಟಿಯಾಗಿತ್ತು,
ರಟ್ಟಿನ ಮೇಲೆ ಬತ್ತಲೆ ಬೆನ್ನು. ಹೊದಿಸೋಣ ಅನ್ನಿಸಿತು.
ಸೆಲ್ಕರ್ಕ್ ರಸ್ತೆಯಲ್ಲಿ ಯಾರೂ ಓದಿಲ್ಲವಂತೆ.
ಮೀನಂಗಡಿಯ ಶಿಫ್ರಾಗೆ ಮಾತ್ರ
ನೂರಾ ನಾಲ್ಕನೇ ಪುಟ ಬಾಯಿಪಾಠ.

ಅಡುಗೆಮನೆಯಲ್ಲಿ ಹಾಲಿನ ಪಾತ್ರೆಗಳ ಬದಿಗೆ ಕೂತು ಶುರುಮಾಡಿದೆ.
ಇಷ್ಟೊಂದು ಮಾಂಸ ಇದೆಯೆಂದು ಗೊತ್ತಿದ್ದರೆ
ಆಚೆ ಬದಿಗೆ ಕೂರುತ್ತಿದ್ದೆ.

ಪುಟ ಹನ್ನೊಂದು: ಮೀನಿಗೆ ನಾನು ಸಕ್ಕರೆ ಹಾಕುವುದಿಲ್ಲ.
ಹಾಕುವವರು ಗಲೀಷಿಯಾದವರು. ನಿನ್ನಪ್ಪನ ಕಡೆಯವರು.

ಪುಟ ನಲವತ್ತು: ನಿನ್ನ ನಾಯಕ, ಮೂವತ್ತನಾಲ್ಕರ ಗಂಡಸು,
ಯಾವ ಹೆಣ್ಣಿನ ಹಾಸಿಗೆ ಹತ್ತಿದರೂ
ಕಿವಿಯಲ್ಲಿ ಅಮ್ಮನ ದನಿ: "ಸ್ವೆಟರ್ ಹಾಕಿದೆಯಾ?"
ನಕ್ಕೆ, ಸುಳ್ಳೇಕೆ. ಆಮೇಲೆ
ಕಿಟಕಿಯ ಹೊರಗೆ ನೋಡಿದೆ. ಕೇಳಿದ್ದರಲ್ಲಿ ತಪ್ಪೇನು?

ಪುಟ ನೂರಾ ನಾಲ್ಕರ ಬೈಗುಳು ಸಪ್ಪೆ.
ಯಿಡ್ಡಿಷ್‌ನಲ್ಲಿ ಅದಕ್ಕೆಲ್ಲ ಉಪ್ಪುಖಾರದ ಮಾತಿವೆ.
ನಿನ್ನಜ್ಜಿ ಕುದುರೆ ಸಂತೆಯಲ್ಲಿ ಬೆಳೆದವಳು,
ಕೇಳಿದ್ದರೆ ಹೇಳಿಕೊಡುತ್ತಿದ್ದೆ.

ರಬ್ಬಿ ಬಂದಿದ್ದರು, ಮುಖ ಊದಿಸಿಕೊಂಡು.
ಜೇನಿನ ಕೇಕು ಎರಡು ತುಂಡು ತಿಂದು
ಕುಲದ ಮಾನ ಹರಾಜಾಯಿತು ಅಂದರು.
ಹೊರಡುವಾಗ, ಬಾಗಿಲಲ್ಲಿ, ಗಲೋಶು ಹುಡುಕುತ್ತಾ,
ಪುಸ್ತಕ ಎರಡು ದಿನಕ್ಕೆ ಕೇಳಿದರು.
ಖಂಡಿಸುವುದಕ್ಕೆ ಬೇಕಂತೆ.

ಪುಟ ಇನ್ನೂರಾ ಆರರಲ್ಲಿ ಪೆನ್ಸಿಲ್ ಮೊನೆ ಮುರಿಯಿತು.
"ಅಮ್ಮನಿಗೆ ಮೈಯೆಂದರೆ
ಒಗೆದು ಹಿಂಡಿ ಒಣಹಾಕುವ ಇನ್ನೊಂದು ಬಟ್ಟೆ."
ಚೆಂದದ ಸಾಲು. ಎರಡು ಸಲ ಓದಿದೆ.

ಲೈಬಿಶ್,
ಶುಕ್ರವಾರದ ಬತ್ತಿಗಳನ್ನು ಊದಿ ಆರಿಸುವಂತಿಲ್ಲ.
ಅವು ತಾವಾಗಿ ಆರುವವರೆಗೆ ನಿನ್ನಪ್ಪ,
ತುಪ್ಪಳ ಕಾರ್ಖಾನೆಯ ಹರ್ಶ್,
ಎಷ್ಟು ತೊಳೆದರೂ ಉಗುರುಸಂದಿಯಲ್ಲಿ ನರಿಕೂದಲು,
ನನ್ನ ತಲೆವಸ್ತ್ರದ ಗಂಟನ್ನು
ಹಲ್ಲಿನಿಂದ ಬಿಚ್ಚುತ್ತಿದ್ದ. ಅವಸರವಿಲ್ಲದೆ.
ಶಾಸ್ತ್ರದಲ್ಲೇ ಇದೆ, ಹೋಗಿ ನೋಡು:
ಅದು ಗಂಡ ಹೆಂಡತಿಗೆ ತೀರಿಸಬೇಕಾದ ಸಾಲ.
ದಿನಸಿ ಅಂಗಡಿಯಲ್ಲಿ ಬಾಕಿ ಬಿಟ್ಟೇ ಸತ್ತ ಮನುಷ್ಯ
ನನ್ನ ಲೆಕ್ಕ ಚುಕ್ತಾ ಮಾಡಿ ಹೋದ.

ನೀನು ಬಲು ಧೈರ್ಯಸ್ಥ ಅಂತ ಪತ್ರಿಕೆಯಲ್ಲಿ ಬಂದಿದೆ.
ಇರಬಹುದು. ಕತ್ತರಿಸಿ ಇಟ್ಟಿದ್ದೇನೆ.

ಎರಡನೇ ಮುದ್ರಣವಾದರೆ ಮೊದಲು ಆ ಸಕ್ಕರೆ ತೆಗೆ.
ಇನ್ನೊಂದು: ಮೂರನೇ ಅಧ್ಯಾಯದ ಗೋಡೆಯಾಚೆ
ರಾತ್ರಿಯೆಲ್ಲಾ ಸಣ್ಣಗೆ ನಗುವಂತೆ ಸದ್ದು ಮಾಡುವ
ರೇಡಿಯೇಟರ್ ಇದೆಯಲ್ಲ,
ನಮ್ಮ ಮನೆಯಲ್ಲಿ ರೇಡಿಯೇಟರ್ ಇರಲಿಲ್ಲ, ಮಗನೇ.
ಕಲ್ಲಿದ್ದಲ ಒಲೆ ಇತ್ತು. ಅದೂ ಕೆಳಗೆ, ಅಡುಗೆಮನೆಯಲ್ಲಿ.