ಮೀಟರ್ ಓದುವವ

ಮೇ ಮೂರು. ಸಿಯಾತಲಾಬಿನಿಂದ ಶುರು.
ಗೇಟು ಸರಿಸಿ, ನಾಯಿ ಕಟ್ಟಿದ್ದಾರೆಯೇ ಕೇಳಿ,
ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಮಂಡಿಯೂರುತ್ತೇನೆ.
ದಿನಕ್ಕೆ ನೂರಿಪ್ಪತ್ತು ಸಲ
ಹೀಗೆ ಬಾಗುವವರು ಈ ರಾಯಚೂರಲ್ಲಿ
ಪೂಜಾರಿಯನ್ನು ಬಿಟ್ಟರೆ ನಾನೇ ಇರಬೇಕು.

ಬೆನ್ನ ಹಿಂದೆ ಯಾರೋ ಕೆಮ್ಮುತ್ತಾರೆ.

"ಈ ಸಲ ಬಿಸಲು ನೋಡ್ರಿ ಎಂಥಾದ್ದಿತ್ತು,"
ಅನ್ನುತ್ತಾರೆ ವೆಂಕೋಬರಾಯರು, ಭೂಗೋಳದ ಮಾಸ್ತರರು, ನಿವೃತ್ತರು.
ನಾನು ಕೇಳಿರಲಿಲ್ಲ.
"ಎರಡು ಎಸಿ ಅದಾವ ಖರೆ, ಹಚ್ಚೂದು ಒಂದ,
ಅದೂ ಇಪ್ಪತ್ತಾರಕ್ಕ ಇಟ್ಟು."
ನಾನು ಕೇಳಿರಲಿಲ್ಲ. ಗುಂಡಿ ಒತ್ತುತ್ತೇನೆ.
ಕೈಯಂತ್ರ ಬಿಲ್ಲನ್ನು ನಾಲಿಗೆಯಂತೆ ಚಾಚುತ್ತದೆ.
"ಅಲ್ಲಾ, ಒಂದು ಉಕ್ಕಿನ ಕಾರ್ಖಾನಿ ಒಂದು ತಾಸಿಗೆ ತಿಂಬೂದು
ನಾನು ಏಳು ಜನ್ಮ ಎಸಿಯೊಳಗ ಮಲಗಿದರೂ ಮುಟ್ಟಂಗಿಲ್ಲ."
ಲೆಕ್ಕ ಸರಿಯಿದ್ದೀತು. ಸರಿಯಿದ್ದ ಲೆಕ್ಕವನ್ನು
ಯಾಕೆ ಇಷ್ಟು ಜೋರಾಗಿ ಹೇಳುತ್ತಾರೋ.

ಹತ್ತಿ ಜಿನ್ನಿನ ಮಾಣಿಕಚಂದರ ಸೊಸೆ
ಹಿತ್ತಲ ಬೇವಿನ ಸಸಿ ತೋರಿಸುತ್ತಾಳೆ, ಎರಡು.
"ಹೋದ ವರ್ಷ ಎಸಿ ಕೂರಿಸಿದ ದಿನಾನೇ ಹಚ್ಚಿದ್ದು."
ಒಂದು ಒಣಗಿದೆ.
ಒಣಗಿದ್ದನ್ನೂ ಎಣಿಸುತ್ತಾಳೆ.

ಅದರಾಚೆಯ ಮನೆಗೆ ತಿಂಗಳಿಂದ ಬೀಗ.
ಆದರೂ ನಲವತ್ತು ಯೂನಿಟ್ಟು.
ಫ್ರಿಜ್ಜಿನ ಕತ್ತಲಲ್ಲಿ
ಯಾವುದೋ ಉಪ್ಪಿನಕಾಯಿ ತಣ್ಣಗೆ ಕೂತಿರಬೇಕು.
ಇಲ್ಲಿ ಮಾತ್ರ ಯಾರೂ ಸಮಜಾಯಿಷಿ ಕೊಡುವುದಿಲ್ಲ.

ಮೂರನೇ ಗಲ್ಲಿಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ:
"ಎರಡನೂರರ ಒಳಗ ಐತಲ್ರಿ?"
ಐತಿ ಅಂದರೆ ಮುಖ ಸಡಿಲ.
ಸರಕಾರ ಪುಕ್ಕಟೆ ಕೊಡುವುದು ಇನ್ನೂರರ ತನಕ,
ಮನಸ್ಸೂ ಅಲ್ಲಿಗೇ ಗೂಟ ಹೊಡೆದುಕೊಂಡಿದೆ.
ಇನ್ನೂರರವರೆಗೆ ಗಾಳಿ, ಬೆಳಕು, ಹಕ್ಕು;
ಇನ್ನೂರೊಂದರಿಂದ ಪಾಪ.
ಶಕ್ತಿನಗರದ ಬಾಯ್ಲರಿಗೆ ಈ ಗೂಟ ಕಾಣುವುದಿಲ್ಲ.
ಅಲ್ಲಿ ಕೂಲಿಗಿರುವ ನನ್ನ ಷಡ್ಡಕ ತಾಯಪ್ಪ ಹೇಳುತ್ತಾನೆ:
"ಒಂದು ಯೂನಿಟ್ಟಿಗೆ ಮುಕ್ಕಾಲು ಕೇಜಿ ಕಲ್ಲಿದ್ದಲಣ್ಣ,
ಕೈಯಾಗ ಹಿಡಿದ್ರ ಇಷ್ಟ."
ಹೇಳುತ್ತ ಅಂಗಿ ಜಾಡಿಸುತ್ತಾನೆ.
ಅವನ ಹೆಂಡತಿ ಒಣಹಾಕಿದ ಸಂಡಿಗೆ
ಕರಿದ ಮೇಲೂ ಹಲ್ಲಿಗೆ ಕರಕರ.
ನಾವು ತಿನ್ನುತ್ತೇವೆ. ಚಲೋ ಆಗ್ಯಾವ ಅನ್ನುತ್ತೇವೆ.

ಸಂಜೆಗೆ ನನ್ನ ಓಣಿ.
ಖಾಜಾಬೀಯದು ಮೂವತ್ತೊಂದು.
ಒಂದು ಫ್ಯಾನು, ಎರಡು ಬಲ್ಬು.
"ಕಮ್ಮಿ ಬಂದ್ರ ಏನರ ತಕರಾರು ಆಗತೈತೇನಪ್ಪಾ?"
ಇವಳೂ ಹೆದರುತ್ತಾಳೆ, ನೋಡಿ.
ಕಿಟಕಿಯ ಬಳಿ ಇರುತ್ತಿದ್ದ ಹೊರಸು
ಒಳಗೋಡೆಗೆ ಸರಿದಿದೆ.
ಯಾಕೆಂದು ನಾನು ಕೇಳಲಿಲ್ಲ,
ಅವಳು ಹೇಳಲಿಲ್ಲ.
ಆ ಕಿಟಕಿಗೆ ನಾಲ್ಕಡಿ ಎದುರು ನನ್ನ ಹಿಂಗೋಡೆ,
ಅದರ ಮೇಲೆ ಹದಿನೆಂಟು ಕಂತಿನ ಪೆಟ್ಟಿಗೆ,
ರಾತ್ರಿಯಿಡೀ ನಮ್ಮ ಧಗೆಯನ್ನು
ಅವಳ ಕಡೆ ಊದುತ್ತದೆ.

ನನ್ನ ಮೀಟರು ಕಡೆಯದು.
ಮಂಡಿಯೂರಿದೆ. ಇನ್ನೂರ ಮೂವತ್ತಾರು.
"ಪಾಪೂಗ ಮೈತುಂಬ ಬೆವರುಸಾಲಿ ಎದ್ದಿತ್ರಿ, ರಾತ್ರಿಯೆಲ್ಲ ನಿದ್ದಿಲ್ಲ..."
ಯಾರ ದನಿ ಇದು ಎಂದು ತಿರುಗಿ ನೋಡಿದೆ.
ಹಿಂದೆ ಯಾರೂ ಇರಲಿಲ್ಲ. ಕೆಮ್ಮಿದ್ದೂ ನಾನೇ.
ಸುಳ್ಳಂತೂ ಅಲ್ಲ. ಎದ್ದಿತ್ತು.
ಈಗ ಹೋಗಿದೆ. ಎಸಿ ಓಡುತ್ತಲೇ ಇದೆ.

ಮೀಟರಿನ ಹಣೆಯಲ್ಲಿ ಕೆಂಪು ಚುಕ್ಕಿ;
ಮೂರು ಸಾವಿರದ ಇನ್ನೂರು ಸಲ ಮಿಟುಕಿದರೆ ಒಂದು ಯೂನಿಟ್ಟು.
ಇದರಲ್ಲಿ ಎಷ್ಟು ಪಾಪೂನವು, ಎಷ್ಟು ಅವನ ಅವ್ವನವು,
ಎಷ್ಟು ನನ್ನವು, ಎಷ್ಟು ಬರೀ ಚಟ
ಎಂದು ಎಣಿಸಹೊರಟೆ.
ನಲವತ್ತಕ್ಕೆ ಲೆಕ್ಕ ತಪ್ಪಿತು.

ಅರ್ಧ ತೆರೆದ ಬಾಗಿಲಿನಿಂದ ಹಿಮ್ಮಡಿಗೆ ತಂಪು ತಾಗುತ್ತಿತ್ತು.
ಒಳಗಿನಿಂದ ಆಕೆ ಕೂಗಿದಳು:
"ಬಾಗಲಾ ಹಾಕ್ರಿ, ತಂಪೆಲ್ಲಾ ಹೊರಗ ಹೊಂಟೈತಿ."

ಹಾಕಿದೆ.
ಯಾವ ಕಡೆ ನಿಂತು ಹಾಕಿದೆ ಎಂದು
ನೀವೂ ಕೇಳಿಲ್ಲ.