ಪೂರ್ತಿ ಒಂದು ನಿಮಿಷ

ಮುಟ್ಟಬೇಡ, ಮೊದಲು ಕೂತುಕೋ, ಎಂದರು.
ಕರೋಂಗಾದ ಮಕ್ಕಳ ವಾರ್ಡು, ಮಲೇರಿಯಾದ ತಿಂಗಳು,
ಮಂಚಕ್ಕೆ ಮೂರು ಕೂಸು, ನೆಲದ ಮೇಲೆ ತಾಯಂದಿರು,
ಕಿಟಕಿಯಾಚೆ ಸರೋವರ, ಒಣಮೀನಿನ ವಾಸನೆ.
ನನ್ನ ಕೊರಳಲ್ಲಿ ಹೊಸ ಸ್ಟೆತಾಸ್ಕೋಪು,
ಊರಿಗೆಲ್ಲ ಕಾಣಲಿ ಎಂಬಂತೆ.
ಅದನ್ನು ಜೇಬಿಗೆ ಹಾಕಿಸಿದರು.
ಕೂತೆ. ಇನ್ನೇನು?
ಅಂಗಿ ನೀನೇ ಎತ್ತಬೇಡ, ಅವ್ವನ್ನ ಕೇಳು.
ಆಮೇಲೆ ಎಣಿಸು.

ಡಾಕ್ಟರ್ ಟೊವೆರಾ ಮ್ಸಿಸ್ಕಾ ಕಲಿಸಿದ್ದು ಇಷ್ಟೇ,
ಮೂವತ್ತೊಂದು ವರ್ಷ.
ಬೇರೆಯದನ್ನೂ ಕಲಿಸಿದರೆನ್ನಿ:
ಅಂಗೈ ಬಿಳಿಚಿದ್ದರೆ ರಕ್ತ ಎಲ್ಲಿ ಹೋಯಿತೆಂದು ಹುಡುಕುವುದು,
ಹೊಟ್ಟೆಯ ಚರ್ಮ ಚಿವುಟಿ ಬಿಟ್ಟು
ಅದು ಎಷ್ಟು ಸಾವಕಾಶ ಮರಳುತ್ತದೆಂದು ನೋಡುವುದು,
ದಿನ ತುಂಬದೆ ಹುಟ್ಟಿದ, ಗೇಣುದ್ದದ ಹುಡುಗಿಯನ್ನು
ತಾಯ ಎದೆಗಿಟ್ಟು ಚಿಟೆಂಜೆ ಬಟ್ಟೆಯಲ್ಲಿ ಬಿಗಿದು ಕಟ್ಟುವುದು,
ಆಕ್ಸಿಜನ್ ಯಂತ್ರದ ಗೊರಗೊರ ನಿಂತರೆ
ಜನರೇಟರಿನವನನ್ನು ಹೆಸರು ಹಿಡಿದೇ ಕೂಗುವುದು.
ಹಗಲು ಗಿಬ್ಸನ್. ರಾತ್ರಿ ಲುಸೆಕೆಲೊ.
ಹೆಸರು ಗೊತ್ತಿದ್ದರೆ ಬೇಗ ಓಡುತ್ತಾರೆ, ಅನ್ನುತ್ತಿದ್ದರು.

ನಾನು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದೆ.
ಲೆಕ್ಕದಲ್ಲಿ ನಾನು ಯಾವತ್ತೂ ಮುಂದು.
ನಲವತ್ತೆಂಟು ಎಂದು ಬರೆದೆ. ಎಂಟು ತಿಂಗಳ ಗಂಡು.
ತಾಯಿಯ ಹೆಸರು ಕೇಳಿರಲಿಲ್ಲ.
ಅವರು ಬಂದು ಕೂತರು.
ತುಟಿ ಅಲ್ಲಾಡುತ್ತಿತ್ತು, ಜಪಕ್ಕೆ ಕೂತವರ ಹಾಗೆ.
ಅರವತ್ತಾರು.
ನೋಡು, ನಡುನಡುವೆ ಇವನಿಗೆ ಉಸಿರಾಡುವುದೇ ಮರೆತುಹೋಗುತ್ತದೆ,
ಆಮೇಲೆ ಸಾಲ ತೀರಿಸುವವನ ಹಾಗೆ ಓಡುತ್ತಾನೆ.
ನೀನು ಮರೆತ ಹೊತ್ತನ್ನು ಗುಣಿಸಿದ್ದೀ, ಮಗಾ.

ಬೈಯಲಿಲ್ಲ. ಹೊಟ್ಟೆಗೆ ಹಾಕಿಕೊಂಡರು.
ಆದರೆ ಆ ತಾಯಿಗೆ ಹೇಳಬೇಕಾದದ್ದನ್ನು
ನನ್ನ ಬಾಯಿಂದಲೇ ಹೇಳಿಸಿದರು:
ನಾನು ತಪ್ಪು ಎಣಿಸಿದೆ, ಅವ್ವಾ.
ಅವಳು ನನ್ನನ್ನಲ್ಲ, ನನ್ನ ಗಡಿಯಾರವನ್ನು ನೋಡಿದಳು.

ಆ ಹುಡುಗ ಉಳಿದ.
ಉಳಿಯದವರು ಅವರ ನೀಲಿ ನೋಟ್‌ಬುಕ್ಕಿನಲ್ಲಿದ್ದಾರೆ.
ನಾನು ತೆರೆದು ನೋಡಿಲ್ಲ.

ಒಮ್ಮೆ ಜಿನೀವಾಕ್ಕೆ ಕರೆದರು.
ಜಗತ್ತಿನ ಮಕ್ಕಳ ಬಗ್ಗೆ ಹತ್ತು ನಿಮಿಷ ಮಾತಾಡಿ.
ಗಾಜಿನ ಸಭಾಂಗಣ, ಹೆಸರಿನ ಫಲಕ, ಕಿವಿಗೆ ಆರು ಭಾಷೆ.
ಪರದೆಯ ಮೇಲೆ ಒಂದು ಕೂಸಿನ ಬರೀ ಎದೆಯ ವಿಡಿಯೊ ಹಾಕಿ
ಸುಮ್ಮನೆ ಕೂತುಬಿಟ್ಟರಂತೆ.
ಇಪ್ಪತ್ತನೇ ಸೆಕೆಂಡಿಗೆ ಒಬ್ಬ ಕೆಮ್ಮಿದ.
ಮೂವತ್ತಕ್ಕೆ ಫೋನುಗಳು ಹೊರಬಂದವು.
ಮೈಕು ಕೆಟ್ಟಿರಬೇಕೆಂದು ಯಾರೋ ಎದ್ದು ವೇದಿಕೆಯ ಕಡೆ ನಡೆದರು.
ಎಷ್ಟು? ಎಂದು ಕೇಳಿದಾಗ
ಒಂದು ಮೂಲೆಯಿಂದ ಐವತ್ತು, ಇನ್ನೊಂದರಿಂದ ಎಂಬತ್ತು,
ಮುಂದಿನ ಸಾಲಿನವರು ಎಣಿಸಿರಲೇ ಇಲ್ಲ.
ಉಳಿದ ಒಂಬತ್ತು ನಿಮಿಷ
ಆಕ್ಸಿಜನ್ ಸಿಲಿಂಡರಿನ ಬೆಲೆ ಓದಿದರು,
ಲಾರಿ ಬಾಡಿಗೆ ಸಮೇತ, ಜಿಲ್ಲೆ ಜಿಲ್ಲೆಗೆ.
ಚಪ್ಪಾಳೆ ಬಂತೇ ಎಂದರೆ ಉತ್ತರ ಕೊಡಲಿಲ್ಲ.
ನರ್ಸುಗಳಿಗೆ ಚಾಕಲೇಟು ತಂದಿದ್ದರು. ಕರಗಿ ಒಂದೇ ಮುದ್ದೆ.
ಚಮಚದಲ್ಲಿ ಹಂಚಿಕೊಂಡರು.

ಹೋದ ಜುಲೈ, ಚಳಿ,
ಅದೇ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಅವರನ್ನೇ ಕರೆತಂದರು.
ಎಡಗಡೆ ನ್ಯುಮೋನಿಯಾ. ತಂಗಿಯ ಮಗ ಬೆನ್ನ ಮೇಲೆ ಹೊತ್ತು ತಂದಿದ್ದ.
ಇಷ್ಟೊಂದು ಹಗುರವೇ ಆ ದನಿ?
ನನ್ನ ಹಿಂದೆ ಮೂವರು ವಿದ್ಯಾರ್ಥಿಗಳು,
ಒಬ್ಬಳ ಕೊರಳಲ್ಲಿ ಹೊಸ ಸ್ಟೆತಾಸ್ಕೋಪು.
ಕೂತೆ. ಮುಟ್ಟಲಿಲ್ಲ.
ಹೊದಿಕೆ ಸರಿಸಲೇ ಎಂದು ಕೇಳಿದೆ, ಹೂಂ ಅಂದರು.

ಒಂದು, ಎರಡು, ಕತ್ತಿನ ಬುಡದಲ್ಲಿ ಗುಳಿ,
ಒಂಬತ್ತು, ಹತ್ತು,
ಹಿಂದಿನಿಂದ ಯಾವುದೋ ಶೂ ನೆಲಕ್ಕೆ ಉಜ್ಜಿತು,
ಇಪ್ಪತ್ತೇಳು.
ಕಣ್ಣು ಮುಚ್ಚಿಕೊಂಡೇ, ಎಷ್ಟಾಯ್ತು? ಎಂದರು.
ಮಾತಾಡಿಸಬೇಡಿ, ತಪ್ಪುತ್ತದೆ.
ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ಇಡೀ ಮಂಚವಾಯಿತು,
ನೀರು ಕುಡಿಸಿದೆ, ಬೆನ್ನು ಸವರಿದೆ,
ಗಡಿಯಾರದ ಮುಳ್ಳು ಮೇಲೆ ಬರುವವರೆಗೆ ಕಾದೆ.

ಮತ್ತೆ ಒಂದರಿಂದ.